ಬೆಣ್ಣೆತೊರಾ ಹಿನ್ನೀರಿಗೆ ಬರುವ ದಡದ ಹಕ್ಕಿಗಳಿಗೆ ಜಿಪಿಎಸ್ ಕಟ್ಟಬಹುದೇ?

ಪ್ರಶ್ನೆ: ಹಿನ್ನೀರು_ಮೇಷ್ಟ್ರು, ಕಲಬುರಗಿ

ಎಲ್ಲರಿಗೂ ಶರಣು. ನಾನು ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹಕ್ಕಿಗಳ ವಿಷಯದಲ್ಲಿ ಹವ್ಯಾಸಿ ಮಾತ್ರ. ಕಳೆದ ನಾಲ್ಕು ಚಳಿಗಾಲಗಳಿಂದ ಭಾನುವಾರ ಬೆಳಿಗ್ಗೆ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಣ್ಣೆತೊರಾ ಜಲಾಶಯದ ಹಿನ್ನೀರಿಗೆ ಹೋಗುತ್ತಿದ್ದೇನೆ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ನೀರು ಹಿಂದೆ ಸರಿದು ಕರಿಮಣ್ಣಿನ ರಾಡಿ ಅಗಲವಾಗಿ ತೆರೆದುಕೊಳ್ಳುತ್ತದೆ, ಅದರ ಮೇಲೆ ವುಡ್ ಸ್ಯಾಂಡ್‌ಪೈಪರ್, ಲಿಟ್ಲ್ ಸ್ಟಿಂಟ್, ಕುತ್ತಿಗೆಗೆ ಕರಿಪಟ್ಟಿಯ ಪುಟ್ಟ ಪ್ಲವರ್‌ಗಳು, ಅದೃಷ್ಟವಿದ್ದ ದಿನ ಕಪ್ಪು ಬಾಲದ ಗಾಡ್‌ವಿಟ್‌ಗಳ ಒಂದು ಹಿಂಡು ಕಾಣಸಿಗುತ್ತವೆ. ಏಪ್ರಿಲ್ ಅರ್ಧ ಕಳೆಯುವುದರೊಳಗೆ ಇವುಗಳಲ್ಲಿ ಹೆಚ್ಚಿನವು ಮಾಯವಾಗಿ ಮೆಟ್ಟುಗಾಲು ಹಕ್ಕಿ ಮತ್ತು ಟಿಟ್ಟಿಭಗಳಷ್ಟೇ ಉಳಿಯುತ್ತವೆ.

ಕಳೆದ ವಾರ ಒಬ್ಬ ವಿದ್ಯಾರ್ಥಿ ಕೇಳಿದ ಮಾತು ನನ್ನನ್ನು ಇಲ್ಲಿಗೆ ಕರೆತಂದಿದೆ. ಅವನ ತಂದೆಯವರ ಲಾರಿಗೆ ಜಿಪಿಎಸ್ ಹಾಕಿಸಿದ್ದಾರೆ, ಲಾರಿ ಎಲ್ಲಿ ನಿಂತಿದೆ ಎಂಬುದನ್ನು ಅವನು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಾನೆ. ಹಾಗಿದ್ದ ಮೇಲೆ ಈ ಹಕ್ಕಿಗೂ ಒಂದನ್ನು ಕಟ್ಟಿದರೆ ಏಪ್ರಿಲ್‌ನಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದಿಲ್ಲವೇ ಎಂದ. ಮಾತಿನಲ್ಲಿ ತಪ್ಪಿಲ್ಲ. ಆದರೆ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ. ಕುತೂಹಲಕ್ಕೆ ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಅವರು ತೋರಿಸಿದ ಅತಿ ಚಿಕ್ಕ ಸಾಧನವನ್ನು ನಮ್ಮ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದೆವು: 40 ಗ್ರಾಂ.

ಹಕ್ಕಿಗೆ ಎಷ್ಟು ತೂಕದ ಸಾಧನ ಕಟ್ಟಬಹುದು, ಮೊಬೈಲ್ ಟವರ್ ಇಲ್ಲದ ಸೈಬೀರಿಯಾದಂತಹ ಕಡೆಯಿಂದ ಮಾಹಿತಿ ನಮ್ಮವರೆಗೆ ಹೇಗೆ ಬರುತ್ತದೆ, ಹಕ್ಕಿ ಹೋದ ದಾರಿಯ ಹೊರತಾಗಿ ಅದರ ನಡವಳಿಕೆಯ ಬಗ್ಗೆ ಏನಾದರೂ ತಿಳಿಯುತ್ತದೆಯೇ, ನಮ್ಮಂತಹ ಕಾಲೇಜೊಂದು ಇದನ್ನು ಮಾಡಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಕಾರಂಜಾ_ದಂಡೆ, ಬೀದರ್

ಮೇಷ್ಟ್ರೇ, ಶರಣು. ನಾನು ಕೆಲವು ವರ್ಷ ಹಕ್ಕಿಗಳಿಗೆ ಉಂಗುರ ತೊಡಿಸುವ ತಂಡವೊಂದರಲ್ಲಿ ಸಹಾಯಕನಾಗಿದ್ದೆ. ಈಗ ಊರಿಗೆ ಮರಳಿ ಕಾರಂಜಾ ಹಿನ್ನೀರಿನಲ್ಲಿ ದುರ್ಬೀನು ಹಿಡಿದು ತಿರುಗುತ್ತೇನೆ.

ನೀವು ತೂಗಿ ನೋಡಿದ್ದು ಒಳ್ಳೆಯದಾಯಿತು, ಏಕೆಂದರೆ ಈ ವಿದ್ಯೆಯ ಬಹುಪಾಲು ತೊಡಕು ತಕ್ಕಡಿಯಲ್ಲೇ ಇದೆ. ಲಿಟ್ಲ್ ಸ್ಟಿಂಟ್ ಸುಮಾರು 25 ಗ್ರಾಂ ತೂಗುತ್ತದೆ. ಎಂದರೆ ಅಂಗಡಿಯ ಆ ಸಾಧನ ಹಕ್ಕಿಗಿಂತಲೇ ಭಾರ. ಸಾಧನ ಮತ್ತು ಅದನ್ನು ಕಟ್ಟುವ ದಾರ ಎರಡೂ ಸೇರಿ ಹಕ್ಕಿಯ ತೂಕದ ನೂರಕ್ಕೆ ಮೂರು ಪಾಲನ್ನು ಮೀರಬಾರದು ಎಂಬುದು ಸಂಶೋಧಕರು ಸಾಮಾನ್ಯವಾಗಿ ಪಾಲಿಸುವ ಮಿತಿ. ಆ ಲೆಕ್ಕದಲ್ಲಿ ಸ್ಟಿಂಟ್‌ಗೆ ಮುಕ್ಕಾಲು ಗ್ರಾಂ, 60 ಗ್ರಾಂ ತೂಗುವ ವುಡ್ ಸ್ಯಾಂಡ್‌ಪೈಪರ್‌ಗೆ 1.8 ಗ್ರಾಂ, 300 ಗ್ರಾಂನ ಗಾಡ್‌ವಿಟ್‌ಗೆ 9 ಗ್ರಾಂ ಸಿಗುತ್ತದೆ. ಒಂದು ರೂಪಾಯಿಯ ನಾಣ್ಯವೇ ಮೂರು ಗ್ರಾಂಗಿಂತ ಹೆಚ್ಚು ತೂಗುತ್ತದೆ ಎಂದು ನಿಮ್ಮ ಹುಡುಗರಿಗೆ ಹೇಳಿದರೆ ವಿಷಯ ಅವರ ಕೈಗೇ ಸಿಕ್ಕಂತಾಗುತ್ತದೆ.

ಲಾರಿಗೂ ಹಕ್ಕಿಗೂ ಇರುವ ಇನ್ನೊಂದು ವ್ಯತ್ಯಾಸ ಬ್ಯಾಟರಿಯದು. ಜಿಪಿಎಸ್ ಎಂಬುದು ಕೇಳಿಸಿಕೊಳ್ಳುವ ಯಂತ್ರ ಮಾತ್ರ. ಉಪಗ್ರಹಗಳು ಕಳುಹಿಸುವ ಸಮಯದ ಸಂಕೇತಗಳನ್ನು ಕೇಳಿ ಅದು ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆಯೇ ಹೊರತು ಆ ಉಪಗ್ರಹಗಳಿಗೆ ಹಕ್ಕಿಯ ಸುದ್ದಿ ತಿಳಿಯುವುದೇ ಇಲ್ಲ. ಲೆಕ್ಕ ಹಾಕಿದ್ದನ್ನು ನಮಗೆ ತಲುಪಿಸಲು ಬೇರೆ ದಾರಿ ಬೇಕು, ವಿದ್ಯುತ್ತು ಹೆಚ್ಚಾಗಿ ವ್ಯಯವಾಗುವುದೂ ಅಲ್ಲಿಯೇ. ಗಾಡ್‌ವಿಟ್ ಗಾತ್ರದ ಹಕ್ಕಿಗಳಿಗೆ ಸೌರಫಲಕವಿರುವ, ಮೊಬೈಲ್ ಜಾಲದ ಮೂಲಕ ಮಾಹಿತಿ ಕಳುಹಿಸುವ ಟ್ಯಾಗ್‌ಗಳು ದೊರೆಯುತ್ತವೆ. ಟವರ್ ಸಿಗದ ಕಡೆ ಅವು ಮಾಹಿತಿಯನ್ನು ಒಳಗೇ ಕೂಡಿಟ್ಟುಕೊಂಡು, ತಿಂಗಳುಗಳ ನಂತರ ಹಕ್ಕಿ ಜಾಲದ ವ್ಯಾಪ್ತಿಗೆ ಮರಳಿದಾಗ ಎಲ್ಲವನ್ನೂ ಒಟ್ಟಿಗೆ ಒಪ್ಪಿಸುತ್ತವೆ. ಜೂನ್‌ನಲ್ಲಿ ಸುದ್ದಿಯಿಲ್ಲದ ಹಕ್ಕಿಯ ಇಡೀ ಬೇಸಿಗೆಯ ದಿನಚರಿ ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಬಂದು ಬೀಳುವುದುಂಟು.

ಭೌತಶಾಸ್ತ್ರದ ಮೇಷ್ಟ್ರಿಗೆ ಇಷ್ಟವಾಗುವ ವಿಧಾನ ಇನ್ನೊಂದಿದೆ. 1978ರಿಂದ ಇರುವ ಆರ್ಗೋಸ್ ವ್ಯವಸ್ಥೆಯಲ್ಲಿ ಹಕ್ಕಿಯ ಬೆನ್ನಿನ ಸಾಧನವೇ ಸಂಕೇತ ಕಳುಹಿಸುತ್ತದೆ. ಧ್ರುವಗಳ ಮೇಲೆ ಸುತ್ತುವ ಉಪಗ್ರಹ ಹತ್ತಿರ ಬರುವಾಗ ಆ ಸಂಕೇತದ ಆವರ್ತನ ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ದಾಖಲಾಗುತ್ತದೆ, ಆ ಏರಿಳಿತದಿಂದ ಹಕ್ಕಿಯ ಜಾಗವನ್ನು ಕಂಡುಹಿಡಿಯುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲದೆ ಹಾದುಹೋಗುವ ರೈಲಿನ ಸೀಟಿ ಕೇಳಿದವರಿಗೆ ಡಾಪ್ಲರ್ ಪರಿಣಾಮವನ್ನು ಬೇರೆ ವಿವರಿಸಬೇಕಾಗಿಲ್ಲ. ಜಿಪಿಎಸ್ ಕೆಲವೇ ಮೀಟರ್‌ಗಳ ನಿಖರತೆ ಕೊಟ್ಟರೆ ಇದು ಚೆನ್ನಾಗಿ ಸಿಕ್ಕಾಗ ಕೆಲವು ನೂರು ಮೀಟರ್, ಇಲ್ಲವಾದರೆ ಕಿಲೋಮೀಟರ್‌ಗಳಷ್ಟು ಹೆಚ್ಚು ಕಡಿಮೆಯಾಗುತ್ತದೆ. ಆದರೆ ಟವರಿನ ಹಂಗಿಲ್ಲದ ಕಾರಣ ಸಮುದ್ರದ ನಡುವೆಯೂ ನಡೆಯುತ್ತದೆ.

ದಡದ ಹಕ್ಕಿಗಳ ಬಗ್ಗೆ ಜಗತ್ತನ್ನು ಬೆರಗುಗೊಳಿಸಿದ ಸುದ್ದಿಗಳು ಬಂದದ್ದು ಈ ವಿಧಾನದಿಂದಲೇ. ಇ7 ಎಂಬ ಗುರುತಿನ ಪಟ್ಟೆಬಾಲದ ಗಾಡ್‌ವಿಟ್ ಒಂದು 2007ರಲ್ಲಿ ಅಲಾಸ್ಕಾದಿಂದ ನ್ಯೂಜಿಲೆಂಡ್‌ವರೆಗೆ ಸುಮಾರು 11,700 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ ಎಂಟು ದಿನಗಳಲ್ಲಿ ಹಾರಿತು. 2022ರ ಅಕ್ಟೋಬರ್‌ನಲ್ಲಿ ಇನ್ನೊಂದು, ಮೊಟ್ಟೆಯಿಂದ ಹೊರಬಂದು ಐದೇ ತಿಂಗಳಾಗಿದ್ದ ಮರಿ, ಅಲಾಸ್ಕಾದಿಂದ ಆಸ್ಟ್ರೇಲಿಯದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ ಕ್ರಮಿಸಿತು. ದಾರಿಯುದ್ದಕ್ಕೂ ಅದಕ್ಕೆ ಅನ್ನವಿಲ್ಲ, ನೀರಿಲ್ಲ.

ಸ್ಟಿಂಟ್‌ನಷ್ಟು ಚಿಕ್ಕ ಹಕ್ಕಿಗಳಿಗೆ ಬೆಳಕನ್ನು ದಾಖಲಿಸುವ, ಒಂದು ಗ್ರಾಂಗೂ ಕಡಿಮೆ ತೂಕದ ಜಿಯೋಲೊಕೇಟರ್ ಎಂಬ ಸಾಧನವಿದೆ. ಸೂರ್ಯ ಹುಟ್ಟಿದ ಮತ್ತು ಮುಳುಗಿದ ವೇಳೆಗಳ ನಡುಬಿಂದುವಿನಿಂದ ರೇಖಾಂಶವನ್ನೂ ಹಗಲಿನ ಉದ್ದದಿಂದ ಅಕ್ಷಾಂಶವನ್ನೂ ತೆಗೆಯುತ್ತಾರೆ. ಹಗಲು ರಾತ್ರಿಗಳು ಸಮವಾಗುವ ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನ ದಿನಗಳಲ್ಲಿ ಭೂಮಿಯ ಎಲ್ಲೆಡೆ ಹಗಲಿನ ಉದ್ದ ಒಂದೇ ಆಗುವುದರಿಂದ ಅಕ್ಷಾಂಶ ಸಿಗುವುದಿಲ್ಲ. ವಿಪರ್ಯಾಸವೆಂದರೆ ಹಕ್ಕಿಗಳು ವಲಸೆಯಲ್ಲಿರುವುದೂ ಹೆಚ್ಚಾಗಿ ಆಗಲೇ. ಉಳಿದ ದಿನಗಳಲ್ಲಿಯೂ ನೂರು ಇನ್ನೂರು ಕಿಲೋಮೀಟರ್ ತಪ್ಪಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮರುವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿದು ಸಾಧನವನ್ನು ಬಿಚ್ಚಿಕೊಂಡರೆ ಮಾತ್ರ ಮಾಹಿತಿ ದೊರೆಯುತ್ತದೆ. ಬೆಣ್ಣೆತೊರಾದ ಅಷ್ಟು ದೊಡ್ಡ ದಂಡೆಯಲ್ಲಿ ಅದೇ ಸ್ಟಿಂಟ್ ಅನ್ನು ಎರಡನೆಯ ಸಲ ಹಿಡಿಯುವ ಭರವಸೆಯನ್ನು ನಾನಂತೂ ಕೊಡಲಾರೆ.

ಉತ್ತರ: ಬೋನಾಳ_ಕೆರೆ, ಸುರಪುರ

ಮೇಲಿನವರು ಹೇಗೆ ಎಂಬುದನ್ನು ಹೇಳಿದ್ದಾರೆ. ಕಟ್ಟಬೇಕೇ ಎಂಬುದನ್ನು ನಾನು ಕೇಳುತ್ತೇನೆ. ಮೊದಲನೆಯದಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥದೊಳಗೆ ಹಿಡಿಯುವುದೂ ಬಲೆ ಹಾಕುವುದೂ ಸೇರಿದೆ. ಸಂಶೋಧನೆಗೆಂದು ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಮೊದಲನೆಯ ಅನುಸೂಚಿಯ, ಎಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿರುವ, ಜೀವಿಯಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕು. ಒಳ್ಳೆಯ ಉದ್ದೇಶವಿತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ನಡೆಯಲೂ ಬಾರದು.

ಎರಡನೆಯದಾಗಿ, ಕಟ್ಟುವ ಕೆಲಸ ಕಾಗದದ ಮೇಲಿನ ಶೇಕಡಾ ಲೆಕ್ಕದಷ್ಟು ಸರಳವಲ್ಲ. ವಲಸೆಗೆ ಮುನ್ನ ಈ ಹಕ್ಕಿಗಳು ಕೊಬ್ಬು ತುಂಬಿಕೊಂಡು ಕೆಲವೇ ವಾರಗಳಲ್ಲಿ ಬಹಳ ದಪ್ಪಗಾಗುತ್ತವೆ. ಜನವರಿಯಲ್ಲಿ ತೆಳ್ಳಗಿದ್ದ ಹಕ್ಕಿಗೆ ಸರಿಯಾಗಿ ಬಿಗಿದ ದಾರ ಏಪ್ರಿಲ್‌ನಲ್ಲಿ ಅದರ ಮೈಗೆ ಕೊರೆಯಬಹುದು. ಅದಕ್ಕೆ ಹೆದರಿ ಸಡಿಲ ಬಿಟ್ಟರೆ ಕಾಲೋ ಕೊಕ್ಕೋ ಸಿಕ್ಕಿಹಾಕಿಕೊಳ್ಳಬಹುದು. ಈ ಕಾರಣಕ್ಕಾಗಿಯೇ ಎದೆಯ ಸುತ್ತ ಕಟ್ಟುವ ಬದಲು ತೊಡೆಗಳ ಬುಡದಲ್ಲಿ ಎರಡು ಕುಣಿಕೆ ಹಾಕಿ ಸಾಧನವನ್ನು ಸೊಂಟದ ಮೇಲೆ ಕೂರಿಸುವ ಪದ್ಧತಿ ಬಂದಿದೆ, ಅಲ್ಲಿ ಹಾರುವ ಸ್ನಾಯುಗಳಿಗೆ ಅಡ್ಡಿ ಕಡಿಮೆ. ಅದನ್ನು ಕಲಿಯಲು ಅನುಭವಿಗಳ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು. ಎತ್ತಿನ ಹೆಗಲಿಗೆ ಹೊಸ ನೊಗ ಹೂಡಿದವರಿಗೆ ಇದು ಬೇಗ ಅರ್ಥವಾದೀತು: ನೊಗದ ಭಾರಕ್ಕಿಂತ ಅದು ಉಜ್ಜುವ ಜಾಗ ಹೆಚ್ಚು ಹಾನಿ ಮಾಡುತ್ತದೆ.

ಟ್ಯಾಗ್ ಹಾಕಿದ ಮಾತ್ರಕ್ಕೆ ಹಕ್ಕಿಗೆ ರಕ್ಷಣೆ ಸಿಕ್ಕಿತೆಂದೂ ತಿಳಿಯಬೇಡಿ. ಮಾಚಿ ಮತ್ತು ಗೋಶೆನ್ ಎಂದು ಹೆಸರಿಟ್ಟಿದ್ದ, ವಿಂಬ್ರೆಲ್ ಜಾತಿಯ ಎರಡು ದಡದ ಹಕ್ಕಿಗಳು ಅಟ್ಲಾಂಟಿಕ್ ಸಾಗರದ ಚಂಡಮಾರುತಗಳನ್ನು ಎದುರಿಸಿ ಬದುಕಿ ಬಂದದ್ದನ್ನು ಉಪಗ್ರಹದ ಮೂಲಕ ಜನ ನೋಡುತ್ತಿದ್ದರು. 2011ರ ಸೆಪ್ಟೆಂಬರ್‌ನಲ್ಲಿ ಅವೆರಡೂ ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಇಳಿದಾಗ ಬೇಟೆಗಾರರ ಗುಂಡಿಗೆ ಬಲಿಯಾದವು. ಆ ಸಾವುಗಳು ಲೋಕಕ್ಕೆ ತಿಳಿದದ್ದೇ ಟ್ಯಾಗ್ ಇದ್ದುದರಿಂದ ಎಂಬುದನ್ನು ಒಪ್ಪುತ್ತೇನೆ.

ಹಕ್ಕಿಗಳು ಏಪ್ರಿಲ್‌ನಲ್ಲಿ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗೆ ಸ್ಥೂಲ ಉತ್ತರ ಈಗಾಗಲೇ ಇದೆ: ನಮ್ಮ ಭಾಗ ಮಧ್ಯ ಏಷ್ಯಾದ ವಲಸೆ ಹಾದಿಯಲ್ಲಿದೆ, ಅದು ಹಿಂದೂ ಮಹಾಸಾಗರದಿಂದ ರಷ್ಯಾದ ಆರ್ಕ್ಟಿಕ್ ತೀರದವರೆಗೆ ಹಬ್ಬಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದಶಕಗಳಿಂದ ತೊಡಿಸಿದ ಕಾಲುಂಗುರಗಳಿಂದಲೂ ಇದು ತಿಳಿದ ಸಂಗತಿ. ಇದೇ ಪ್ರಶ್ನೆಗಾಗಿ ಇನ್ನೊಂದು ಹಕ್ಕಿಯ ಬೆನ್ನಿಗೆ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಉತ್ತರ: ನೀರಿನ_ಪಾಳಿ, ಶಹಾಪುರ

ನಮಸ್ಕಾರ. ನಾನು ಒಕ್ಕಲಿಗ, ಓದು ಬಿ.ಎ. ತನಕ. ಹಕ್ಕಿಗಳ ಹೆಸರು ನಿಮ್ಮಷ್ಟು ಗೊತ್ತಿಲ್ಲವಾದರೂ ಒಂದು ಸಂಗತಿಯನ್ನು ಹೇಳಬೇಕೆನಿಸಿತು.

ನಮ್ಮದು ನಾರಾಯಣಪುರ ಎಡದಂಡೆ ಕಾಲುವೆಯ ನೀರಿನ ಭತ್ತದ ಗದ್ದೆ. ನೀರಿನ ಪಾಳಿ ರಾತ್ರಿ ಬಂದರೆ ನಸುಕಿನವರೆಗೂ ಬದುವಿನ ಮೇಲೆಯೇ ಇರಬೇಕಾಗುತ್ತದೆ. ಜನವರಿಯಲ್ಲಿ ಎರಡನೆಯ ಬೆಳೆಗೆ ಗದ್ದೆ ಕಲಸಿ ನೀರು ನಿಲ್ಲಿಸಿದ ದಿನಗಳಲ್ಲಿ, ನಡುರಾತ್ರಿ ಹಿಂಡು ಹಿಂಡಾಗಿ ಯಾವುದೋ ಹಕ್ಕಿಗಳು ಬಂದಿಳಿದು ಕೆಸರಿನಲ್ಲಿ ಚಿಕ್ ಚಿಕ್ ಸದ್ದು ಮಾಡುತ್ತವೆ. ಟಿಟ್ಟಿಭದ ಕೂಗು ಎಳೆಯ ಮಕ್ಕಳಿಗೂ ಗೊತ್ತು, ಇದು ಅದಲ್ಲ. ಬ್ಯಾಟರಿ ಬಿಟ್ಟರೆ ಎದ್ದು ಹೋಗುತ್ತವೆ, ಉದ್ದ ಕೊಕ್ಕು ಕಂಡ ಹಾಗಾಗುತ್ತದೆ. ಬೆಳಗಾದ ಮೇಲೆ ನೋಡಿದರೆ ಒಂದೂ ಇರುವುದಿಲ್ಲ, ಕೆಸರಿನ ತುಂಬ ಪೆನ್ಸಿಲಿನಿಂದ ಚುಚ್ಚಿದಂತಹ ತೂತುಗಳು ಮಾತ್ರ ಇರುತ್ತವೆ. ಹಗಲು ಕೆರೆಯಲ್ಲಿ ಕಾಣುವ ಹಕ್ಕಿಗಳೇ ರಾತ್ರಿ ನಮ್ಮ ಗದ್ದೆಗೆ ಬರುತ್ತವೆಯೋ ಅಥವಾ ಇವು ಬೇರೆಯೋ ಎಂಬುದು ನನಗೆ ಹತ್ತು ವರ್ಷಗಳ ಅನುಮಾನ. ಹೀಗೆ ಕೇಳಲು ಕಾರಣವೂ ಉಂಟು: ನಾವು ಗದ್ದೆಗೆ ಔಷಧಿ ಹೊಡೆಯುತ್ತೇವೆ.

ಮರುಪ್ರತಿಕ್ರಿಯೆ: ಹಿನ್ನೀರು_ಮೇಷ್ಟ್ರು, ಕಲಬುರಗಿ

ಮೂವರಿಗೂ ವಂದನೆಗಳು. ಸುರಪುರದವರ ಆಕ್ಷೇಪಕ್ಕೆ ಉತ್ತರ ಹುಡುಕುತ್ತಿದ್ದವನಿಗೆ ಶಹಾಪುರದವರ ಮಾತು ಓದಿ, ನಾನು ಕೇಳಿದ ಪ್ರಶ್ನೆಯೇ ಅಷ್ಟು ಸರಿಯಿರಲಿಲ್ಲ ಎಂದು ತಿಳಿಯಿತು. ನಾಲ್ಕು ಚಳಿಗಾಲ ನಾವು ಹಿನ್ನೀರಿಗೆ ಹೋಗಿದ್ದೇವೆ, ಆದರೆ ಒಂದು ದಿನವೂ ಬೆಳಿಗ್ಗೆ ಹತ್ತರ ನಂತರ ಅಲ್ಲಿ ಉಳಿದವರಲ್ಲ. ಆರು ಸಾವಿರ ಕಿಲೋಮೀಟರ್ ಆಚೆಯ ಬೇಸಿಗೆಯ ಬಗ್ಗೆ ಚಿಂತಿಸಿದೆವು, ಅದೇ ಹಕ್ಕಿ ಆರು ಕಿಲೋಮೀಟರ್ ಆಚೆ ರಾತ್ರಿಯನ್ನು ಎಲ್ಲಿ ಕಳೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಇಂತಹ ಪ್ರಶ್ನೆಗಾದರೂ ಟ್ಯಾಗ್ ಬೇಕಾಗುತ್ತದೆಯೇ ಎಂಬುದನ್ನು ಬೀದರಿನವರು ತಿಳಿಸಬೇಕು.

ಉತ್ತರ: ಕಾರಂಜಾ_ದಂಡೆ, ಬೀದರ್

ಶಹಾಪುರದ ಅಣ್ಣಾವರೇ, ನೀವು ಬರೆದದ್ದು ಈ ಇಡೀ ಚರ್ಚೆಯಲ್ಲೇ ಬೆಲೆಯುಳ್ಳ ಮಾತು. ದಡದ ಹಕ್ಕಿಗಳಲ್ಲಿ ಹಲವು ಕೊಕ್ಕಿನ ತುದಿಯ ಸ್ಪರ್ಶದಿಂದಲೇ ಕೆಸರಿನೊಳಗಿನ ಹುಳುವನ್ನು ಪತ್ತೆ ಹಚ್ಚುತ್ತವೆ, ಆದ್ದರಿಂದ ಕತ್ತಲೆ ಅವಕ್ಕೆ ಅಡ್ಡಿಯಲ್ಲ. ಕಪ್ಪು ಬಾಲದ ಗಾಡ್‌ವಿಟ್‌ಗಳಿಗೆ ಭತ್ತದ ಗದ್ದೆ ಬಹಳ ಪ್ರಿಯ. ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಯುರೋಪಿನ ಗಾಡ್‌ವಿಟ್‌ಗಳು ಚಳಿಗಾಲದ ಕೊನೆಯಲ್ಲಿ ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಬಿದ್ದ ಕಾಳು ತಿಂದು ವಲಸೆಗೆ ಸಿದ್ಧವಾಗುತ್ತವೆ. ಆದರೂ ನಿಮ್ಮ ಗದ್ದೆಯ ಹಕ್ಕಿಗಳು ಗಾಡ್‌ವಿಟ್‌ಗಳೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ಸ್ನೈಪ್ ಎಂಬ ಉದ್ದ ಕೊಕ್ಕಿನ ಹಕ್ಕಿಗಳೂ ಕೆಸರಿನಲ್ಲಿ ಅಂತಹುದೇ ತೂತು ಮಾಡುತ್ತವೆ, ಮೆಟ್ಟುಗಾಲು ಹಕ್ಕಿಗಳೂ ರಾತ್ರಿ ಕೂಗುತ್ತವೆ. ಮುಂದಿನ ಪಾಳಿಯಲ್ಲಿ ಬ್ಯಾಟರಿ ಬಿಡದೆ ಮೊಬೈಲಿನಲ್ಲಿ ಐದು ನಿಮಿಷ ಧ್ವನಿ ಮುದ್ರಿಸಿಕೊಂಡು ಇಲ್ಲಿ ಹಾಕಿದರೆ ಅರ್ಧ ಅನುಮಾನ ಟ್ಯಾಗ್ ಇಲ್ಲದೆಯೇ ಪರಿಹಾರವಾಗುತ್ತದೆ.

ಉಳಿದರ್ಧಕ್ಕೆ, ಎಂದರೆ ಹಗಲು ಕೆರೆಯಲ್ಲಿದ್ದ ಹಕ್ಕಿಯೇ ರಾತ್ರಿ ಗದ್ದೆಗೆ ಬಂತೇ ಎಂಬುದಕ್ಕೆ, ಮೇಷ್ಟ್ರೇ, ಟ್ಯಾಗ್ ನಿಜವಾಗಿಯೂ ಬೇಕಾಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಜಾಗ ದಾಖಲಿಸುವ ಟ್ಯಾಗ್ ಇದ್ದರೆ ಒಂದೇ ವಾರದಲ್ಲಿ ಕೆರೆ ಮತ್ತು ಗದ್ದೆಯ ನಡುವಿನ ಓಡಾಟ ಕಣ್ಣಿಗೆ ಕಟ್ಟುತ್ತದೆ. ಆದರೆ ಸೌರಫಲಕ ಹಗಲು ತುಂಬಿಸಿದ ಬ್ಯಾಟರಿ ರಾತ್ರಿಯಿಡೀ ಸಾಲಬೇಕು, ಬೆನ್ನಿನ ಗರಿಗಳು ಫಲಕವನ್ನು ಮುಚ್ಚದಿರಬೇಕು; ಹೀಗಾಗಿ ಎಷ್ಟು ನಿಮಿಷಕ್ಕೊಮ್ಮೆ ಎಂಬುದು ಪ್ರತಿಯೊಂದು ಅಧ್ಯಯನದಲ್ಲೂ ಚೌಕಾಸಿಯ ವಿಷಯವೇ. ನೀವು ಕೇಳಿದ ನಡವಳಿಕೆಯ ಪ್ರಶ್ನೆಗೆ ಉತ್ತರ ಕೊಡುವುದು ಟ್ಯಾಗ್‌ನೊಳಗೇ ಇರುವ ಆಕ್ಸೆಲರೋಮೀಟರ್. ಮೊಬೈಲನ್ನು ಅಡ್ಡ ಹಿಡಿದರೆ ಪರದೆಯನ್ನೂ ಅಡ್ಡ ತಿರುಗಿಸುವ ಅದೇ ಸಾಧನ. ಅದು ಮೂರು ದಿಕ್ಕಿನ ಚಲನೆಯನ್ನು ಅಳೆಯುತ್ತದೆ. ರೆಕ್ಕೆ ಬಡಿಯುವಾಗ ಒಂದು ಬಗೆಯ ಅಲೆ, ತಲೆ ತಗ್ಗಿಸಿ ಕೆಸರು ಚುಚ್ಚುವಾಗ ಇನ್ನೊಂದು ಬಗೆಯ ಏರಿಳಿತ, ಒಂಟಿಕಾಲಿನಲ್ಲಿ ನಿದ್ದೆ ಮಾಡುವಾಗ ನೇರ ಗೆರೆ. ಹಕ್ಕಿಯನ್ನು ಕಣ್ಣಾರೆ ನೋಡುತ್ತಾ ಬರೆದುಕೊಂಡ ಟಿಪ್ಪಣಿಯೊಂದಿಗೆ ಈ ಗೆರೆಗಳನ್ನು ಮೊದಲು ಹೋಲಿಸಿದರೆ ಮಾತ್ರ, ಮುಂದೆ ಕತ್ತಲೆಯಲ್ಲಿ ಬಂದ ಗೆರೆಯನ್ನು ಮೇಯುವುದು ಅಥವಾ ಮಲಗುವುದು ಎಂದು ಓದಲು ಬರುತ್ತದೆ. ದುರ್ಬೀನು ಹಿಡಿದವರಿಲ್ಲದೆ ಈ ಯಂತ್ರವೂ ಕುರುಡು.

ಗಾಳಿಯ ಒತ್ತಡ ಅಳೆಯುವ ಸಾಧನ ಸೇರಿಸಿದರೆ ಎತ್ತರವೂ ಸಿಗುತ್ತದೆ. ಸ್ವೀಡನ್ನಿನಿಂದ ಆಫ್ರಿಕಾಕ್ಕೆ ಹೋಗುವ ಗ್ರೇಟ್ ಸ್ನೈಪ್‌ಗಳು ರಾತ್ರಿ ಎರಡು ಸಾವಿರ ಮೀಟರ್ ಆಸುಪಾಸಿನಲ್ಲಿ ಹಾರಿ, ಬೆಳಗಾಗುತ್ತಲೇ ಅದರ ಎರಡರಷ್ಟು ಎತ್ತರಕ್ಕೆ ಏರುತ್ತವೆ ಎಂಬುದು 2021ರಲ್ಲಿ ಹೀಗೆಯೇ ಬೆಳಕಿಗೆ ಬಂತು. ಒಂದಂತೂ 8,700 ಮೀಟರ್ ಮುಟ್ಟಿತ್ತು. ಬಿಸಿಲಿಗೆ ಮೈ ಕಾಯದಿರಲಿ ಎಂದು ತಂಪು ಹುಡುಕಿಕೊಂಡು ಏರುತ್ತವೆ ಎಂಬುದು ಆ ಸಂಶೋಧಕರು ಮುಂದಿಟ್ಟ ಒಂದು ವಿವರಣೆ. ಕಲಬುರಗಿಯ ಬಿಸಿಲು ಕಂಡವರಿಗೆ ಅದನ್ನು ನಂಬುವುದು ಕಷ್ಟವಲ್ಲ.

ನಮ್ಮ ಕಡೆ ಟ್ಯಾಗ್ ಹಾಕುವವರು ಎಡವಬಹುದಾದ ಒಂದು ಜಾಗವಿದೆ. ಜಲಾಶಯದ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ನವೆಂಬರ್‌ನಲ್ಲಿ ನೀರಿದ್ದಲ್ಲಿ ಫೆಬ್ರವರಿಗೆ ಕಡಲೆ ಹೊಲವಿರುತ್ತದೆ. ಮೊಬೈಲಿನ ಹಳೆಯ ನಕ್ಷೆಯ ಮೇಲೆ ಬಿಂದುಗಳನ್ನಿಟ್ಟರೆ ಹಕ್ಕಿ ಆಳದ ನೀರಿನ ನಡುವೆ ನಿಂತಂತೆ ಕಾಣುತ್ತದೆ. ಆದ್ದರಿಂದ ಆಯಾ ವಾರದ ನೀರಿನ ಅಂಚು ಬೇಕು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಐದು ದಿನಕ್ಕೊಮ್ಮೆ, ಹತ್ತು ಮೀಟರ್ ಸ್ಪಷ್ಟತೆಯಲ್ಲಿ, ಉಚಿತವಾಗಿ ದೊರೆಯುತ್ತವೆ. ಚಳಿಗಾಲದಲ್ಲಿ ನಮ್ಮ ಆಕಾಶ ಬಹುತೇಕ ತಿಳಿಯಾಗಿರುವುದರಿಂದ ಅಂಚನ್ನು ಗುರುತಿಸುವುದು ಸುಲಭ. ಈ ಕೆಲಸವನ್ನು ನಿಮ್ಮ ವಿದ್ಯಾರ್ಥಿಗಳು ಈ ವರ್ಷದಿಂದಲೇ, ಯಾರ ಅನುಮತಿಯೂ ಇಲ್ಲದೆ ಮಾಡಬಹುದು. ಹಾಗೆಯೇ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ನಡೆಸುವ ಮೂವ್‌ಬ್ಯಾಂಕ್ ಎಂಬ ಜಾಲತಾಣದಲ್ಲಿ ಜಗತ್ತಿನ ಬೇರೆ ಬೇರೆ ಅಧ್ಯಯನಗಳ ಮಾಹಿತಿಯಿದೆ, ಅದರಲ್ಲಿ ಎಲ್ಲರಿಗೂ ತೆರೆದಿಟ್ಟ ಭಾಗವನ್ನು ಇಳಿಸಿಕೊಂಡು ನಕ್ಷೆಯ ಮೇಲೆ ಹಾಕುವುದನ್ನು ಅವರಿಗೆ ಕಲಿಸಿ.

ಸ್ವಂತವಾಗಿ ಟ್ಯಾಗ್ ಹಾಕುವ ಯೋಚನೆಯನ್ನು ಬಿಡಿ. ಅಂತಹ ಒಂದು ಸಾಧನಕ್ಕೆ ಲಕ್ಷ ರೂಪಾಯಿಯ ಆಸುಪಾಸು ಬೆಲೆಯಿದೆ, ಒಂದೇ ಹಕ್ಕಿಯಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಆದರೆ ಅನುಮತಿಯೂ ಅನುಭವವೂ ಇರುವ ಸಂಸ್ಥೆಯೊಂದು ಜಾಗ ಹುಡುಕುವಾಗ ಮೊದಲು ಕೇಳುವುದು, ಇಲ್ಲಿ ಎಷ್ಟು ಹಕ್ಕಿಗಳಿವೆ, ಯಾವ ತಿಂಗಳಲ್ಲಿವೆ, ಎಷ್ಟು ವರ್ಷಗಳ ಎಣಿಕೆಯಿದೆ ಎಂಬುದನ್ನೇ. ನಿಮ್ಮ ನಾಲ್ಕು ಚಳಿಗಾಲದ ಪುಸ್ತಕವನ್ನು ಜೋಪಾನವಾಗಿಡಿ. ಎಣಿಸುವಾಗ ಕಾಲುಗಳನ್ನೂ ನೋಡಿ; ಬಣ್ಣದ ಉಂಗುರವೋ ಕಾಲುಪಟ್ಟಿಯೋ ಕಂಡರೆ ಯಾವ ಕಾಲು, ಮಂಡಿಯ ಮೇಲೋ ಕೆಳಗೋ, ಬಣ್ಣಗಳ ಕ್ರಮವೇನು, ಅಕ್ಷರವಿದೆಯೇ ಎಂಬುದನ್ನು ಅಲ್ಲಿಯೇ ಬರೆದುಕೊಂಡು ಚಿತ್ರ ತೆಗೆಯಿರಿ.

ಉತ್ತರ: ಬೋನಾಳ_ಕೆರೆ, ಸುರಪುರ

ರಾತ್ರಿಯ ಪ್ರಶ್ನೆಯ ವಿಷಯದಲ್ಲಿ ನನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆಯುತ್ತೇನೆ. ಗದ್ದೆಗೆ ಔಷಧಿ ಹೊಡೆದ ರಾತ್ರಿ ಅಲ್ಲಿ ಮೇಯ್ದ ಹಕ್ಕಿ ಮರುದಿನ ಹಗಲು ಬೋನಾಳದಲ್ಲೋ ಇನ್ನಾವುದೋ ಕೆರೆಯಲ್ಲೋ ಸತ್ತರೆ, ನಾವು ಕೆರೆಯ ನೀರನ್ನು ಪರೀಕ್ಷೆಗೆ ಕಳುಹಿಸುತ್ತೇವೆಯೇ ಹೊರತು ಗದ್ದೆಯ ನೀರನ್ನಲ್ಲ. ಆದರೆ ಕಟ್ಟುವವರು ಕೈ ಪಳಗಿದವರೇ ಆಗಿರಬೇಕು ಎಂಬ ಮಾತಿಗೆ ಈಗಲೂ ಬದ್ಧ.

ಮರುಪ್ರತಿಕ್ರಿಯೆ: ಹಿನ್ನೀರು_ಮೇಷ್ಟ್ರು, ಕಲಬುರಗಿ

ಒಪ್ಪಿದೆ. ಈ ಡಿಸೆಂಬರ್‌ನಿಂದ ಭಾನುವಾರದ ಬೆಳಗಿನ ಎಣಿಕೆಯ ಜೊತೆಗೆ, ತಿಂಗಳಿಗೆ ಎರಡು ಸಲ ಸಂಜೆ ನಾಲ್ಕರಿಂದ ಪೂರ್ಣ ಕತ್ತಲಾಗುವವರೆಗೆ ಹಿನ್ನೀರಿನಲ್ಲಿ ಕುಳಿತು, ಹಿಂಡುಗಳು ಯಾವ ಹೊತ್ತಿಗೆ ಎದ್ದು ಯಾವ ದಿಕ್ಕಿಗೆ ಹಾರುತ್ತವೆ ಎಂಬುದನ್ನು ದಿಕ್ಸೂಚಿ ಹಿಡಿದು ಬರೆದುಕೊಳ್ಳಲಿದ್ದೇವೆ. ನೀರಿನ ಅಂಚಿನ ನಕ್ಷೆಯ ಹೊಣೆಯನ್ನು ಲಾರಿಯವರ ಮಗನೇ ಕೇಳಿ ಪಡೆದಿದ್ದಾನೆ. ಶಹಾಪುರದ ಅಣ್ಣಾವರ ಧ್ವನಿಮುದ್ರಣಕ್ಕಾಗಿ ಎಲ್ಲರೂ ಕಾಯುತ್ತಿದ್ದೇವೆ.

ಉತ್ತರ: ನೀರಿನ_ಪಾಳಿ, ಶಹಾಪುರ

ಈ ಸಲದ ರಾತ್ರಿ ಪಾಳಿ ಬರುವ ಮಂಗಳವಾರವಿದೆ, ಮುದ್ರಿಸಿ ಹಾಕುತ್ತೇನೆ. ಕಪ್ಪೆಗಳ ಗದ್ದಲವೂ ಅದರಲ್ಲಿ ಸೇರಿರುತ್ತದೆ, ಸಹಿಸಿಕೊಳ್ಳಬೇಕು.